ಅರವತ್ತು ಹಾಳೆಯ ಪುಸ್ತಕದಲ್ಲಿ ಒಂದು ಫೆಬ್ರವರಿ

2024ರ ಜನವರಿ ಕೊನೆಯ ವಾರ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆ ನಡೆಯಿತು. ಮೇಲಿನಿಂದ ಬಂದಿದ್ದ ಒಬ್ಬರು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದಿದ್ದ ಜನಸಂಖ್ಯೆಯನ್ನು ನೋಡಿ, "ನಿಮ್ಮದು ಬರೀ 640 ಜನ. ಬಯಲಿನ ಕಡೆ ಒಬ್ಬೊಬ್ಬರಿಗೆ ಸಾವಿರದ ಮೇಲಿದೆ. ನಿಮಗೆಂಥ ಹೊರೆ ಮಾರಾಯ್ತಿ?" ಎಂದರು. ಅವರು ಗದರಿಸಿದ್ದಲ್ಲ, ನಗುತ್ತಲೇ ಕೇಳಿದ್ದು. ಆದರೂ ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ಮೇಲೆ ಆ ಮಾತಿಗೆ ನನ್ನ ಬಾಯಿಂದ ಒಂದು ಸರಿಯಾದ ಉತ್ತರ ಬರಲಿಲ್ಲವಲ್ಲ ಎಂಬುದು ಮನೆ ಮುಟ್ಟುವವರೆಗೂ ಕೊರೆಯಿತು. ಮರುದಿನ ಅಂಗಡಿಯಿಂದ ಅರವತ್ತು ಹಾಳೆಯ ಬರೆಯುವ ಪುಸ್ತಕವೊಂದನ್ನು ತಂದು ನಾಲ್ಕು ಗೆರೆ ಎಳೆದೆ. ಎಲ್ಲಿಗೆ ಹೋದೆ, ಏನು ಮಾಡಿದೆ, ಎಷ್ಟು ಹೊತ್ತಾಯಿತು ಎಂಬುದಕ್ಕೆ ಮೊದಲ ಮೂರು ಕಾಲಂ. ನಾಲ್ಕನೆಯದರ ತಲೆಯಲ್ಲಿ "ಫಾರ್ಮಿನಲ್ಲಿ ಇದೆಯೇ?" ಎಂದು ಬರೆದೆ. ಫಾರ್ಮ್ ಎಂದರೆ ನಾವು ತಿಂಗಳ ಕೊನೆಗೆ ಮಾಡಿದ ಕೆಲಸ ತುಂಬಿ, ಪ್ರೋತ್ಸಾಹಧನಕ್ಕಾಗಿ ಕೊಡುವ ಕ್ಲೇಮ್ ಫಾರ್ಮ್. ಫೆಬ್ರವರಿಯಲ್ಲಿ ಇಪ್ಪತ್ತೊಂಬತ್ತು ದಿನ, ಲೆಕ್ಕ ಸಣ್ಣದಾಗಿಯೇ ಮುಗಿಯುತ್ತದೆ ಎಂದುಕೊಂಡಿದ್ದೆ.

ನನ್ನ ವ್ಯಾಪ್ತಿ ಇರುವುದು ಶರಾವತಿ ಹಿನ್ನೀರಿನಾಚೆ, ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಗದ್ದೆ, ಮನೆ ಕಳೆದುಕೊಂಡವರಲ್ಲಿ ಹಲವರು ದೂರ ಹೋದರು, ಉಳಿದವರು ಗುಡ್ಡದ ಮೇಲೆ ಸಿಕ್ಕಿದ ಸಮತಟ್ಟಿನಲ್ಲಿ ಒಂದೊಂದು ಕಡೆ ನೆಲೆ ನಿಂತರು. ಹೀಗಾಗಿ ನನಗಿರುವ 148 ಮನೆಗಳು ಒಂದು ಊರಲ್ಲ, ಹನ್ನೊಂದು ಕಡೆ ಚದುರಿರುವ ಮನೆಗಳು. ಒಂದು ಕಡೆ ಮೂವತ್ತು ಮನೆ ಸಾಲಾಗಿವೆ, ಇನ್ನೊಂದು ಕಡೆ ಎರಡೇ ಮನೆ, ಅವೆರಡಕ್ಕೆ ಹಳ್ಳ ದಾಟಿ ಮುಕ್ಕಾಲು ಗಂಟೆ ನಡೆಯಬೇಕು. ಮಳೆಗಾಲದಲ್ಲಿ ಆ ಹಳ್ಳ ದಾಟುವ ಹಾಗೂ ಇಲ್ಲ, ಸುತ್ತಿ ಹೋಗಬೇಕು. ಬಯಲಿನ ಕಡೆ ಸಾವಿರ ಜನ ಇರುವ ಊರಿನ ಆಶಾ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತು ಮನೆ ನೋಡಬಹುದು. ನನಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಆರು ಮನೆ ಆದರೆ ಅದು ಒಳ್ಳೆಯ ದಿನ.

ಗೊತ್ತಿಲ್ಲದವರಿಗಾಗಿ ನಮ್ಮ ವ್ಯವಸ್ಥೆಯ ಬಗ್ಗೆ ಎರಡು ಮಾತು. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಹುಟ್ಟಿಕೊಂಡ ಹುದ್ದೆ ಇದು. ಹುದ್ದೆ ಎಂದೆನಲ್ಲ, ಅದೂ ತಪ್ಪು. ಕಾಗದದ ಮೇಲೆ ನಾವು ಸ್ವಯಂಸೇವಕಿಯರು, ನಮಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ದಿನಕ್ಕೆ ಮೂರರಿಂದ ಐದು ಗಂಟೆ, ವಾರಕ್ಕೆ ಸುಮಾರು ನಾಲ್ಕು ದಿನ ಕೆಲಸ ಮಾಡಿದರೆ ಸಾಕು, ಉಳಿದ ಹೊತ್ತು ಅವಳ ಮನೆ, ತೋಟ ಅವಳಿಗೆ ಎಂಬ ಲೆಕ್ಕದಲ್ಲಿ ಮಾರ್ಗಸೂಚಿ ಬರೆದಿದ್ದಾರೆ. ಆ ಫೆಬ್ರವರಿಯಲ್ಲಿ ನಮಗೆ ರಾಜ್ಯ ಸರ್ಕಾರದಿಂದ 5,000 ರೂಪಾಯಿ ಗೌರವಧನ ಬರುತ್ತಿತ್ತು. ಆರೋಗ್ಯ ಮತ್ತು ಪೌಷ್ಟಿಕತೆ ದಿನ, ಗ್ರಾಮ ಆರೋಗ್ಯ ಸಮಿತಿಯ ಸಭೆ, ಮಾಸಿಕ ಸಭೆ, ರಿಜಿಸ್ಟರ್ ಬರೆಯುವುದು ಮುಂತಾದ ನಿಗದಿತ ಕೆಲಸಗಳಿಗೆ ಕೇಂದ್ರದ 2,000 ರೂಪಾಯಿ. ಮಿಕ್ಕಿದ್ದೆಲ್ಲ ಎಣಿಕೆಯ ಮೇಲೆ: ಒಂದು ಹೆರಿಗೆಗೆ ಇಷ್ಟು, ಒಂದು ಮಗುವಿನ ಲಸಿಕೆ ಪೂರ್ತಿಯಾದರೆ ಇಷ್ಟು, ಒಂದು ಫಾರ್ಮ್ ತುಂಬಿದರೆ ಇಷ್ಟು. ಜನ ಕಡಿಮೆಯಿದ್ದರೆ ಎಣಿಕೆ ಕಡಿಮೆ. ದಾರಿ ಉದ್ದವಾದರೆ ಎಣಿಕೆಯೇನೂ ಹೆಚ್ಚುವುದಿಲ್ಲ. ಇದನ್ನು ನಾನು ಅಲ್ಲಿಯವರೆಗೆ ಈ ರೀತಿ ಯೋಚಿಸಿಯೇ ಇರಲಿಲ್ಲ, ಆ ನಾಲ್ಕನೆಯ ಕಾಲಂ ತುಂಬುತ್ತಾ ಹೋದ ಹಾಗೆ ಹೊಳೆಯಿತು.

ಮೊದಲ ವಾರ ಹೆಚ್ಚಾಗಿ ಸಿಬ್ಯಾಕ್ ಫಾರ್ಮಿನದೇ ಕೆಲಸ, ಅಂದರೆ ಸಕ್ಕರೆ ಕಾಯಿಲೆ, ಬಿಪಿಯಂಥವು ಬರುವ ಅಪಾಯ ಯಾರಿಗೆ ಎಷ್ಟಿದೆ ಎಂದು ಅಂಕ ಹಾಕಿ ನೋಡುವ ಫಾರ್ಮ್. ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರಿಗೂ ಬೀಡಿ, ತಂಬಾಕು, ಕುಡಿತ, ದುಡಿಮೆ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯೋ ಬಿಪಿಯೋ ಇದೆಯೇ ಎಂದು ಕೇಳಿ, ಸೊಂಟದ ಸುತ್ತಳತೆ ತೆಗೆದು, ಅಂಕ ಕೂಡಿಸಿ, ನಾಲ್ಕಕ್ಕಿಂತ ಹೆಚ್ಚು ಬಂದವರನ್ನು ಮೊದಲು ತಪಾಸಣೆಗೆ ಕಳುಹಿಸಬೇಕು. ಒಂದು ಫಾರ್ಮಿಗೆ 10 ರೂಪಾಯಿ. ಅಡಿಕೆ ಕೊಯ್ಲು ಮುಗಿಯುತ್ತಾ ಬಂದ ಕಾಲವದು, ಹಗಲಿನಲ್ಲಿ ಯಾವ ಮನೆಯಲ್ಲೂ ಜನವಿರುವುದಿಲ್ಲ. ಸಂಜೆ ಏಳರ ಮೇಲೆ ಎಲ್ಲರೂ ಅಂಗಳದಲ್ಲಿ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಾರೆ. ನಾನೂ ಟಾರ್ಚ್ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಸುಲಿಯುವ ಕೈ ನಿಲ್ಲುವುದಿಲ್ಲ, ಬಾಯಿ ಮಾತ್ರ ಉತ್ತರ ಹೇಳುತ್ತದೆ. ಸುಮ್ಮನೆ ಕೂತು ಪ್ರಶ್ನೆ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಒಂದಿಷ್ಟು ಸುಲಿದುಕೊಡುತ್ತಿದ್ದೆ. ಟೇಪ್ ಹಿಡಿದು ಸೊಂಟ ಅಳೆಯಲು ಹೋದಾಗ ಎಪ್ಪತ್ತರ ಅಜ್ಜನೊಬ್ಬ, "ಅಂಗಿ ಹೊಲಿಸಿ ಕೊಡ್ತ್ಯನೇ ಆಶಾಕ್ಕ? ಕಾಲರ್ ಇಡಿಸು" ಎಂದು ಅಂಗಳದವರನ್ನೆಲ್ಲ ನಗಿಸಿದ. ಅವನ ಅಂಕ ಏಳು ಬಂತು. ಬಿಪಿ ನೋಡಿಸಲು ಅವನನ್ನು ಒಪ್ಪಿಸುವುದಕ್ಕೆ ಇನ್ನೂ ಎರಡು ಸಲ ಆ ಮನೆಗೆ ಹೋಗಬೇಕಾಯಿತು. ತಿಂಗಳಿನಲ್ಲಿ ತುಂಬಿದ್ದು 31 ಫಾರ್ಮ್, ಅದಕ್ಕೆ ಹೋದ ಸಂಜೆಗಳು ಹನ್ನೊಂದು.

ಈ ನಡುವೆ ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರವಿದು. ಉಣುಗು, ಅಂದರೆ ಉಣ್ಣೆ ಹುಳ ಕಚ್ಚಿದರೆ ಬರುತ್ತದೆ, ಚಳಿಗಾಲದಿಂದ ಮಳೆ ಬೀಳುವವರೆಗೂ ಅದರ ಹೆದರಿಕೆ. 2019ರ ಆಚೀಚೆ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹಿಂದೆ ಲಸಿಕೆ ಹಾಕಿಸುತ್ತಿದ್ದೆವು, ಈಗ ಅದು ನಿಂತಿದೆ. ಉಳಿದದ್ದು ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ. ಕಾಡಿಗೆ ಸೊಪ್ಪಿಗೋ ತರಗೆಲೆಗೋ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಮೀಯಿರಿ ಎಂದು ಹೇಳಿ, ಶೀಶೆಗಳನ್ನು ಚೀಲದಲ್ಲಿ ಹೊತ್ತು 148 ಮನೆಗೂ ಕೊಟ್ಟು ಬರಬೇಕು. ಆರನೇ ತಾರೀಕು ಬೆಳಗ್ಗೆ ದನ ಹೊಡೆದುಕೊಂಡು ಹೋದ ಹುಡುಗನೊಬ್ಬ ಓಡಿ ಬಂದು, ಹಳ್ಳದ ಬದಿಯಲ್ಲಿ ಮಂಗ ಸತ್ತು ಬಿದ್ದಿದೆ ಎಂದ. ಫೋನು ಸಿಗುವ ದಿಬ್ಬದವರೆಗೆ ಹತ್ತಿ ಆರೋಗ್ಯ ಕೇಂದ್ರಕ್ಕೆ ತಿಳಿಸಿದೆ. ಅವರು, ಅರಣ್ಯದವರು, ಪಶುವೈದ್ಯರು ಬರುವವರೆಗೆ ಆ ಜಾಗಕ್ಕೆ ಜನ, ದನ ಹೋಗದಂತೆ ನೋಡಿಕೊಂಡೆ. ಅವರು ಬಂದು ಪರೀಕ್ಷೆಗೆ ಬೇಕಾದ್ದು ತೆಗೆದು, ಸುಟ್ಟು, ಪುಡಿ ಚೆಲ್ಲಿ ಹೋದಾಗ ಮಧ್ಯಾಹ್ನ ಮೂರೂವರೆ. ಆಮೇಲೆ ಎರಡು ವಾರ ಆ ಹಳ್ಳದ ಸುತ್ತಿನ ಒಂಬತ್ತು ಮನೆಗಳಿಗೆ ದಿನ ಬಿಟ್ಟು ದಿನ ಹೋಗಿ ಜ್ವರ ಕೇಳಿದೆ. ಒಬ್ಬಳಿಗೆ ಜ್ವರ ಬಂದಿತ್ತು, ರಕ್ತ ಕೊಡಿಸಿದೆ, ಪುಣ್ಯಕ್ಕೆ ಅದಲ್ಲ ಎಂದು ಬಂತು. ಪುಸ್ತಕದಲ್ಲಿ ಇದಕ್ಕೆಲ್ಲ ಒಂದೂವರೆ ಪುಟ ಹಿಡಿಯಿತು. ನಾಲ್ಕನೆಯ ಕಾಲಂ ಉದ್ದಕ್ಕೂ "ಇಲ್ಲ".

ಒಂಬತ್ತನೇ ತಾರೀಕು ಶುಕ್ರವಾರ. ಬಾಣಂತನಕ್ಕೆಂದು ಹೊಸನಗರ ತಾಲ್ಲೂಕಿನ ಗಂಡನ ಮನೆಯಿಂದ ತವರಿಗೆ ಬಂದಿದ್ದ ಹುಡುಗಿಯೊಬ್ಬಳಿದ್ದಳು. ನಮ್ಮ ಕಡೆ ಹಿನ್ನೀರು ದಾಟಿಸುವ ಲಾಂಚು ಸಂಜೆಗೆ ನಿಂತುಬಿಡುತ್ತಿತ್ತು. ಅದಕ್ಕೇ ದಿನ ತುಂಬುವ ಒಂದು ವಾರ ಮೊದಲೇ ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿಸಿ ಎಂದು ಪ್ರತಿ ಗರ್ಭಿಣಿಯ ಮನೆಯಲ್ಲೂ ಹೇಳುತ್ತೇನೆ. ಇವಳನ್ನು ಹದಿನಾಲ್ಕಕ್ಕೆ ಕಳುಹಿಸುವುದೆಂದು ಅವಳ ಅಮ್ಮನನ್ನು ಒಪ್ಪಿಸಿಯೂ ಆಗಿತ್ತು. ರಾತ್ರಿ ಏಳೂವರೆಗೆ ಅವಳ ತಮ್ಮ ಬೈಕಿನಲ್ಲಿ ಬಂದು, "ಆಶಾಕ್ಕ, ಅಕ್ಕಂಗೆ ನೋವು ಬಂದದೆ, ನೀರೂ ಹೋಗ್ತದೆ" ಎಂದ. ಒಲೆಯ ಮೇಲಿನ ಅನ್ನ ಮಗಳಿಗೆ ವಹಿಸಿ ಎಂಟಕ್ಕೆ ಹೊರಟೆ. 108ಕ್ಕೆ ಕರೆ ಸಿಕ್ಕಿತು, ಆದರೆ ಗಾಡಿ ಸುತ್ತಿಕೊಂಡು ಬರುವಷ್ಟು ಹೊತ್ತು ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಊರಿನವರದೇ ಒಂದು ಜೀಪಿನಲ್ಲಿ ಕಾರ್ಗಲ್ ಮೇಲೆ ಸುತ್ತಿ ಸಾಗರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತಾಯಿ ಕಾರ್ಡು ನನ್ನ ರವಿಕೆಯೊಳಗಿತ್ತು, ಒದ್ದೆಯಾಗದಿರಲಿ ಎಂದು. ಪ್ರತಿ ತಿರುವಿನಲ್ಲೂ ಅವಳು ನನ್ನ ಮುಂಗೈ ಹಿಡಿಯುತ್ತಿದ್ದಳು. ಆ ಉಗುರಿನ ಗುರುತು ನಾಲ್ಕು ದಿನ ಹೋಗಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಹೆಣ್ಣು ಮಗು ಹುಟ್ಟಿತು, ತೂಕ 2,100 ಗ್ರಾಂ. ಬೆಳಗ್ಗೆ ಅವಳ ಅಮ್ಮನಿಗೆ ಎಲ್ಲಿ ಏನು ಸಿಗುತ್ತದೆಂದು ತೋರಿಸಿ, ಬಸ್ಸು ಹಿಡಿದು ಲಾಂಚು ಹತ್ತುವ ಅಂಬಾರಗೋಡ್ಲಿಗೆ ಬಂದರೆ ಶನಿವಾರ, ಸಿಗಂದೂರು ದೇವಸ್ಥಾನಕ್ಕೆ ಹೋಗುವವರ ಕಾರುಗಳ ಸಾಲು. ಎರಡು ಲಾಂಚು ಬಿಟ್ಟು ಮೂರನೆಯದಕ್ಕೆ ಜಾಗ ಸಿಕ್ಕಿತು. ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಪುಸ್ತಕದಲ್ಲಿ 18 ಗಂಟೆ ಎಂದು ಬರೆದು, ನಾಲ್ಕನೆಯ ಕಾಲಮಿನಲ್ಲಿ "ಇದೆ, 300 ರೂ." ಎಂದು ಬರೆದೆ. ಜನನಿ ಸುರಕ್ಷಾ ಯೋಜನೆಯಲ್ಲಿ ಒಂದು ಹೆರಿಗೆಗೆ ಆಶಾಗೆ 600 ರೂಪಾಯಿ. ಅದರಲ್ಲಿ ಅರ್ಧ ಹಣ ಬಸುರಿಯ ಆರೈಕೆಗೆ, ಅದು ಗಂಡನ ಊರಿನ ಆಶಾಗೆ ಸೇರಿದ್ದು. ಆಸ್ಪತ್ರೆಗೆ ಕರೆದೊಯ್ದ ಅರ್ಧ ನನಗೆ. ಅದೂ ಬಿಪಿಎಲ್ ಅಥವಾ ಪರಿಶಿಷ್ಟ ಕುಟುಂಬವಾದರೆ. ಅಡಿಕೆ ತೋಟವಿರುವ ಮನೆಯ ಹೆಂಗಸಿಗೂ ನೋವು ರಾತ್ರಿಯೇ ಬರುತ್ತದೆ, ಅವಳ ಜೊತೆಗೂ ಹೋಗುತ್ತೇವೆ, ಅದು ಬೇರೆ ಮಾತು.

ಮೂರನೆಯ ದಿನ ತಾಯಿ, ಮಗು ಮನೆಗೆ ಬಂದ ಸಂಜೆಯೇ ಮೊದಲ ಭೇಟಿ. ಆಸ್ಪತ್ರೆಯ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಭೇಟಿ. ಆರೂ ಆದರೆ 250 ರೂಪಾಯಿ. ಬಾಣಂತಿ ಕೋಣೆಗೆ ಬೆಳಕಿಲ್ಲ, ಕೆಂಡದ ಮೇಲೆ ಹಾಕಿದ ಸಾಂಬ್ರಾಣಿಯ ಹೊಗೆ ಕಣ್ಣಿಗೆ ಹಿಡಿಯುತ್ತಿತ್ತು. ಮೊದಲು ಕೆಂಡದ ತಟ್ಟೆ ಹೊರಗಿಡಿಸಿದೆ. ಮೊಣಕೈವರೆಗೆ ಸೋಪಿನಲ್ಲಿ ತೊಳೆದು, ಒರೆಸದೆ ಆರಲು ಬಿಟ್ಟು, ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ಆಮೇಲೆ ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಪೂರಾ ಒಂದು ನಿಮಿಷ ಉಸಿರು ಎಣಿಸಬೇಕು. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ತೂಕದ ತಕ್ಕಡಿ ತೆಗೆದಾಗ ಅಜ್ಜಿ ಅಡ್ಡ ಬಂದರು. "ಬ್ಯಾಡ ಆಶಾಕ್ಕ, ತಕ್ಕಡಿಗೆ ಹಾಕಿರೆ ಮಗು ಸೊರಗ್ತದೆ."

"ಅಮ್ಮಾ, ಸೊರಗ್ತದಾ ಇಲ್ವಾ ಅಂತ ಗೊತ್ತಾಗ್ಲಿ ಅಂತಲೇ ತೂಗೋದು. ನೀವೇ ಜೋಲಿ ಹಿಡ್ಕಳಿ" ಎಂದು ಬಟ್ಟೆಯ ಜೋಲಿಯನ್ನು ಅವರ ಕೈಗೇ ಕೊಟ್ಟೆ. ಮುಳ್ಳು 2,050ಕ್ಕೆ ನಿಂತಿತು. ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಇದ್ದದ್ದೇ ಎಂದು ಹೇಳಿದೆ. ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಗುವನ್ನು ಕಟ್ಟಿ, ಮೇಲೆ ಹೊದಿಸಿ, ಕಾಂಗರೂ ಆರೈಕೆ ಹೇಗೆಂದು ತೋರಿಸಿದೆ. ಎಣ್ಣೆ ನೀರು ಸದ್ಯಕ್ಕೆ ಬೇಡ, ಹೊಕ್ಕುಳಿಗೆ ಏನೂ ಹಚ್ಚಬೇಡಿ ಎಂದೆ. ಆರನೇ, ಏಳನೇ ಮಾಡ್ಯೂಲಿನ ತರಬೇತಿಯಲ್ಲಿ ಗೊಂಬೆಯ ಮೇಲೆ ಕಲಿತದ್ದು ಇದೆಲ್ಲ. ಗೊಂಬೆಗೆ ಅಜ್ಜಿ ಇರಲಿಲ್ಲ. ಇಂಥ ತೂಕದ ಮಗುವನ್ನು ಏಳನೇ ದಿನದವರೆಗೆ ನೋಡದೆ ಬಿಡುವ ಮನಸ್ಸು ನನಗಾಗಲಿಲ್ಲ. ಆರರ ಬದಲು ಹತ್ತು ಸಲ ಹೋದೆ. ಆ ಮನೆ ನನ್ನ ಮನೆಯಿಂದ ನಾಲ್ಕು ಕಿಲೋಮೀಟರ್, ಹೋಗಿ ಬಂದರೆ ಎಂಟು. 42ನೇ ದಿನದ ಭೇಟಿ ಮುಗಿದಾಗ ಎಂಬತ್ತು ಕಿಲೋಮೀಟರ್ ಆಗಿತ್ತು. 250ನ್ನು ಎಂಬತ್ತರಿಂದ ಭಾಗಿಸಿ ನನ್ನ ಮಗಳು ಪುಸ್ತಕದ ಅಂಚಿನಲ್ಲಿ 3.12 ಎಂದು ಬರೆದಿಟ್ಟಿದ್ದಾಳೆ. ಆದರೆ ಮುಳ್ಳು ಹದಿನಾಲ್ಕನೇ ದಿನ 2,200ಕ್ಕೆ, 42ನೇ ದಿನ 3,100ಕ್ಕೆ ಬಂದದ್ದನ್ನು ಅದೇ ಪುಸ್ತಕದಲ್ಲಿ ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ಉಳಿದ ದಿನಗಳದ್ದು ಚಿಲ್ಲರೆ. ಆ ತಿಂಗಳು ಗುರುವಾರ ಐದು ಬಂದವು, ಗುರುವಾರ ಲಸಿಕೆಗೆ ಮಕ್ಕಳನ್ನು ಕರೆತರಬೇಕು. ಮಾರ್ಚ್ 3ರ ಪೋಲಿಯೊ ಭಾನುವಾರಕ್ಕೆ ಐದು ವರ್ಷದೊಳಗಿನ ಮಕ್ಕಳ ಪಟ್ಟಿ ಆಗಬೇಕು. ಕ್ಷಯದ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರು ನಡುವೆ ಬಿಡದಂತೆ ನೋಡಿಕೊಳ್ಳಬೇಕು. ಆಭಾ ಕಾರ್ಡಿನ, ಅಂದರೆ ಆರೋಗ್ಯ ದಾಖಲೆಗೆಂದು ಮಾಡಿಸುವ ಡಿಜಿಟಲ್ ಗುರುತಿನ ಕಾರ್ಡಿನ ಕೆಲಸದಷ್ಟು ಮಾತ್ರ ಯಾವುದೂ ತಲೆ ತಿಂದಿಲ್ಲ. ಅಜ್ಜಿಯ ಆಧಾರ್ ಸಂಖ್ಯೆ ಹಾಕಿದರೆ ಒಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಅವನು ಡ್ಯೂಟಿಯಲ್ಲಿ ಫೋನ್ ಎತ್ತುವುದಿಲ್ಲ. ಎತ್ತಿ ಹೇಳುವಷ್ಟರಲ್ಲಿ ಇಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಕರೆಂಟು ಹೋದರೆ ಟವರೂ ನಿಲ್ಲುತ್ತದೆ. ಆ ಅಜ್ಜಿಯನ್ನು ದಿಬ್ಬ ಹತ್ತಿಸಲಾರದೆ, ಅವರ ಆಧಾರ್ ಕಾರ್ಡನ್ನು ನಾನೇ ಹಿಡಿದು ದಿಬ್ಬದ ಮೇಲೆ ಹಲಸಿನ ಮರದ ಬುಡದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ನಿಂತಿದ್ದೆ. ಅದನ್ನೂ ಬರೆದೆ.

29ರ ರಾತ್ರಿ ಮಗಳು ಕೂಡಿಸಿ ಕೊಟ್ಟಳು. ಒಟ್ಟು 171 ಗಂಟೆ. ಫಾರ್ಮಿನಲ್ಲಿ ಕಾಲಂ ಇರುವ ಕೆಲಸವನ್ನು ನಿಜವಾಗಿ ಮಾಡುತ್ತಿದ್ದ ಹೊತ್ತು 64 ಗಂಟೆ. ಮನೆಯಿಂದ ಮನೆಗೆ ನಡೆದದ್ದು 58. ಬಸ್ಸು, ಲಾಂಚು, ನೆಟ್‌ವರ್ಕು, ಸಹಿ ಎಂದು ಕಾದದ್ದು 22. ಮಂಗನ ಕಾಯಿಲೆ, ಆಭಾ ಮುಂತಾಗಿ ಫಾರ್ಮಿನಲ್ಲಿ ಜಾಗವೇ ಇಲ್ಲದ್ದು 27. ಮಾರ್ಗಸೂಚಿಯ ವಾರಕ್ಕೆ ನಾಲ್ಕು ದಿನದ ಲೆಕ್ಕವನ್ನು ಎಷ್ಟೇ ಧಾರಾಳವಾಗಿ ಹಿಡಿದರೂ ತಿಂಗಳಿಗೆ ಎಂಬತ್ತು, ಎಂಬತ್ತೈದು ಗಂಟೆ ದಾಟುವುದಿಲ್ಲ.

ಇನ್ನು ಕ್ಲೇಮು. ಡಿಸೆಂಬರಿನಲ್ಲಿ ಹುಟ್ಟಿದ ಇನ್ನೊಂದು ಮಗುವಿನ ಆರು ಭೇಟಿಗೆ 250, ಸಿಬ್ಯಾಕ್ 310, ಒಂದು ಮಗುವಿನ ಮೊದಲ ವರ್ಷದ ಲಸಿಕೆ ಪೂರ್ತಿಯಾದದ್ದಕ್ಕೆ 100, ದೊಡ್ಡ ಮಕ್ಕಳ ಎರಡು ಮನೆಭೇಟಿಗೆ 100, ಹೆರಿಗೆಯ 300. ಎಲ್ಲ ಸೇರಿ 1,060. ಮೊದಲು ಸಿಸ್ಟರ್, ಅಂದರೆ ನಮ್ಮ ಕಡೆಯ ಆರೋಗ್ಯ ಸಹಾಯಕಿ, ರಿಜಿಸ್ಟರಿನೊಂದಿಗೆ ತಾಳೆ ನೋಡಿ ಸಹಿ ಮಾಡಬೇಕು, ಆಮೇಲೆ ಆಶಾಗಳ ಕೆಲಸ ನೋಡಿಕೊಳ್ಳುವ ಸುಗಮಕಾರರು, ಆಮೇಲೆ ವೈದ್ಯಾಧಿಕಾರಿ. ಅಲ್ಲಿಂದ ತಾಲ್ಲೂಕಿಗೆ ಹೋಗಿ ಕಂಪ್ಯೂಟರಿಗೆ ಹತ್ತಬೇಕು. ಕಂಪ್ಯೂಟರು ಹೆರಿಗೆಯ 300ನ್ನು ತೆಗೆದುಕೊಳ್ಳಲಿಲ್ಲ. ಆ ತಾಯಿಯ ಆರ್‌ಸಿಎಚ್ ಸಂಖ್ಯೆ, ಅಂದರೆ ಬಸುರಿಯನ್ನು ಪೋರ್ಟಲ್‌ನಲ್ಲಿ ನೋಂದಾಯಿಸುವಾಗ ಕೊಡುವ ಸಂಖ್ಯೆ, ದಾಖಲಾಗಿದ್ದದ್ದು ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿ. ಅವರು ಅಲ್ಲಿಂದ ಬಿಟ್ಟುಕೊಡದೆ ನನ್ನ ಹೆಸರಿನಲ್ಲಿ ಹೆರಿಗೆಯೂ ಕಾಣುವುದಿಲ್ಲ, ಮುಂದೆ ಆ ಮಗುವಿನ ಭೇಟಿಗಳೂ ಕಾಣುವುದಿಲ್ಲ. ತವರಿನಲ್ಲಿ ಬಾಣಂತನ ಮಾಡುವುದು ನಮ್ಮಲ್ಲಿ ಇಂದು ನಿನ್ನೆಯದಲ್ಲ, ಪೋರ್ಟಲ್ ಕಟ್ಟಿದವರ ಮನೆಯ ಹೆಣ್ಣುಮಕ್ಕಳೂ ತವರಿಗೆ ಹೋಗಿರಬಹುದು. ಉಳಿದ 760 ಮೇ ತಿಂಗಳಲ್ಲಿ ಬಂತು. ಮಗುವಿನ ಭೇಟಿಯ 250 ಸೆಪ್ಟೆಂಬರಿನಲ್ಲಿ ಬಂತು. ಹೆರಿಗೆಯ 300 ಬರಲೇ ಇಲ್ಲ.

ಮಾರ್ಚ್ ಸಭೆಗೆ ಪುಸ್ತಕ ಒಯ್ದಿದ್ದೆ. ನಗುತ್ತಾ ಕೇಳಿದ್ದವರು ಅಂದು ಬಂದಿರಲಿಲ್ಲ. ನಮ್ಮ ಸಿಸ್ಟರ್ ಮಾತ್ರ ಊಟದ ಹೊತ್ತಿನಲ್ಲಿ ಒಂದೊಂದೇ ಪುಟ ತಿರುವಿ ನೋಡಿ, "ನಂದೂ ಹೀಗೇ ಬರೆದರೆ ಏನು ಬರ್ತದೋ" ಎಂದು ವಾಪಸು ಕೊಟ್ಟರು. 2025ರ ಜನವರಿ 7ರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಆ ಪುಸ್ತಕ ನನ್ನ ಚೀಲದಲ್ಲಿತ್ತು. ತಾಳಗುಪ್ಪದ ರೈಲಿನಲ್ಲಿ ಹೋಗಿ, ಚಳಿಯಲ್ಲಿ ಮೂರು ರಾತ್ರಿ ರಸ್ತೆಯ ಮೇಲೆ ಮಲಗಿದೆವು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆಯನ್ನು ಮುಖ್ಯಮಂತ್ರಿಗಳು ಕೊಟ್ಟ ಮೇಲೆ, ಹತ್ತನೇ ತಾರೀಕು ಎದ್ದು ಬಂದೆವು. ನನ್ನ ಪಕ್ಕ ಮಲಗಿದ್ದ ಬಯಲುಸೀಮೆಯ ಆಶಾ ಒಬ್ಬರು ಟಾರ್ಚ್ ಬೆಳಕಿನಲ್ಲಿ ಪುಸ್ತಕ ಓದಿ, ತಮ್ಮಲ್ಲಿ ನಡಿಗೆ ಇಷ್ಟಿಲ್ಲ, ಆದರೆ ಫಾರ್ಮಿನಲ್ಲಿಲ್ಲದ ಕೆಲಸ ಇದರ ಎರಡರಷ್ಟಿದೆ ಎಂದರು. ಅದೇ ವರ್ಷ ಜುಲೈ 14ರಂದು ಹಿನ್ನೀರಿಗೆ ಸೇತುವೆ ಆಯಿತು. ರಾತ್ರಿ ನೋವು ಬಂದವಳನ್ನು ಈಗ ನೇರ ಸಾಗರಕ್ಕೆ ಒಯ್ಯಬಹುದು, ಅಷ್ಟು ಎದೆ ಹಗುರಾಗಿದೆ. ಹಳ್ಳದಾಚೆಯ ಎರಡು ಮನೆಗಳ ದಾರಿ ಇದ್ದ ಹಾಗೆಯೇ ಇದೆ.

ಆ ಮಗುವಿನದೊಂದು ಹೇಳುವುದು ಉಳಿಯಿತು. ಮೂರು ತಿಂಗಳು ತುಂಬಿದಾಗ, ಮೇ 10ರಂದು ತೂಗಿದೆ, 4,300 ಬಂತು. ಜೋಲಿಯನ್ನು ಅಜ್ಜಿಯೇ ಹಿಡಿದಿದ್ದರು, ಈ ಸಲ ಅವರೇ ಮುಂದಾಗಿ. ಮುಂದಿನ ವಾರ ತಾಯಿ, ಮಗು ಗಂಡನ ಮನೆಗೆ ಹೊರಟರು. ಅಲ್ಲಿಯ ಆಶಾಳ ನಂಬರನ್ನು ಇಬ್ಬರು ಮೂವರನ್ನು ಕೇಳಿ ಪತ್ತೆ ಮಾಡಿ, ದಿಬ್ಬ ಹತ್ತಿ ಫೋನ್ ಮಾಡಿದೆ. ನಾನು ಅವಳ ಮುಖ ನೋಡಿದವಳಲ್ಲ. ಹುಟ್ಟಿದ ತೂಕದಿಂದ ಹಿಡಿದು ಒಂದೊಂದೇ ತಾರೀಕು, ಒಂದೊಂದೇ ತೂಕ ಹೇಳುತ್ತಾ ಹೋದೆ. ಅವಳು ಆ ಕಡೆ "ಹ್ಞೂಂ, ಬರೆದೆ ಅಕ್ಕ, ಮುಂದೆ ಹೇಳಿ" ಎನ್ನುತ್ತಾ ಬರೆದುಕೊಂಡಳು. ಇಪ್ಪತ್ತಾರು ನಿಮಿಷ ಹಿಡಿಯಿತು. ಅಷ್ಟರಲ್ಲಿ ನೆಟ್‌ವರ್ಕ್ ಎರಡು ಸಲ ಹೋಗಿ ಬಂದಿತ್ತು.